ಎರಡು ನಿಮಗ, ಎರಡು ನಮಗ

ಹೋದ ವರ್ಷ ಎಲೆ ಉದುರುವ ಕಾಲದಲ್ಲಿ ಕ್ಲಾರ್ಕ್ಸ್‌ಬರ್ಗ್‌ನ ಮಗಳ ಮನೆಯಿಂದ ಕಾಕೂ ಫೋನ್ ಮಾಡಿದರು. ಅವರ ದನಿ ಎಂದಿನಂತೆಯೇ ಇತ್ತು. "ನಿಮ್ಮ ಕಾಕಾ ಹೋದ್ರು, ತಂಗಿ" ಎಂದರು. ಆಮೇಲೆ ಅವರೇ ಹೇಳಿದರು: "ಕಡೀಕ ಕೈ ಎತ್ತಿದ್ರು ನೋಡು. ಹಿಂಗ ಒತ್ತಿದ್ರು, ಒಂದ ಸಲ. ಎರಡನೇ ಸಲ ಒತ್ತಲಿಲ್ಲ. ಕೈ ಹಾಸಿಗಿ ಮ್ಯಾಲ ಹಂಗ ಉಳೀತು."

ಫೋನಿನಲ್ಲಿ ಕಾಕೂ ಅವರ ಕೈ ನನಗೆ ಕಾಣುತ್ತಿರಲಿಲ್ಲ. ಆದರೂ ಯಾವ ಒತ್ತು ಎಂದು ಕೇಳಬೇಕಾಗಲಿಲ್ಲ.

ಅವರು ನಮ್ಮ ರಕ್ತಸಂಬಂಧಿಯಲ್ಲ. ಇಲ್ಲಿ ಪರದೇಶದಲ್ಲಿ, ಏಪೆಕ್ಸ್ ಎಂಬ ಊರಿನಲ್ಲಿ, ನಮ್ಮ ಎದುರು ಮನೆಯವರು. ಬಾಗಲಕೋಟೆಯ ಕಡೆಯವರು. ನಾನು, ನನ್ನ ಗಂಡ ಮಂಜು ಮೈಸೂರಿನವರು. ಹೊಸದಾಗಿ ಬಂದಾಗ ನಾನು ರೂಢಿಯಂತೆ ಅಂಕಲ್ ಎಂದೆ. "ಅಂಕಲ್ ಅನ್ನಬ್ಯಾಡವಾ, ಬ್ಯಾಂಕಿನ್ಯಾಗ ಕುಂತಂಗ ಆಗತೈತಿ. ಕಾಕಾ ಅನ್ನು" ಎಂದರು. ಅಂದಿನಿಂದ ನಮ್ಮ ಮಗಳು ಶ್ರೇಯಾಳಿಗೂ ಅವರು ಕಾಕಾ, ಅವರ ಹೆಂಡತಿ ಕಾಕೂ.

ಕಾಕಾ ಅರಿವಳಿಕೆ ವೈದ್ಯರು. ಆಪರೇಷನ್ನಿಗೆ ಮುಂಚೆ ಜನರನ್ನು ಮಲಗಿಸುವುದು, ಮುಗಿದ ಮೇಲೆ ಎಬ್ಬಿಸುವುದು ಜೀವಮಾನವೆಲ್ಲ ಅವರ ಕೆಲಸವಾಗಿತ್ತು. ಮುಖಕ್ಕೆ ಮಾಸ್ಕ್ ಇಟ್ಟ ಮೇಲೆ ರೋಗಿಗೆ ಮಾತು ಕೇಳುತ್ತದೋ ಇಲ್ಲವೋ ಎಂದು, ಅವರ ಕಣ್ಣೆದುರಿಗೆ ಬಲಗೈ ಹಿಡಿದು ಅಂಗೈಯನ್ನು ನೆಲದ ಕಡೆಗೆ ಮಾಡಿ ಗಾಳಿಯನ್ನು ಮೆಲ್ಲಗೆ ಒತ್ತುತ್ತಿದ್ದರಂತೆ. ಒಮ್ಮೆ ಒತ್ತಿ, ತಡೆದು, ಇನ್ನೊಮ್ಮೆ. ನಿಧಾನ, ಉಸಿರು ಬಿಡ್ರಿ, ಏನೂ ಆಗೂದಿಲ್ಲ ಎಂದು ಅದರ ಅರ್ಥ. ಆ ಅಭ್ಯಾಸ ಆಸ್ಪತ್ರೆಯ ಹೊರಗೂ ಬಂದಿತ್ತು. ಊಟಕ್ಕೆ ಬಡಿಸುವಾಗ ಸಾಕು ಎನ್ನಲು ಅದೇ ಕೈ. ಮಕ್ಕಳು ಕಿರುಚಿದರೆ ಅದೇ ಕೈ. ನಾನೂ ಮಂಜುವೂ ಅವರ ಮುಂದೆ ಜಗಳವಾಡಿದ ದಿನವೂ ಅದೇ ಕೈ. ಆಶ್ಚರ್ಯವೆಂದರೆ ಅದು ಕೆಲಸ ಮಾಡುತ್ತಿತ್ತು. ಭುಜಗಳು ತಾವಾಗಿ ಇಳಿಯುತ್ತಿದ್ದವು.

ಒಮ್ಮೆ ನಾನು ಕೇಳಿದ್ದೆ, "ಎಷ್ಟೋ ಜನ ಕೊನೆಗೆ ನೋಡಿದ್ದು ನಿಮ್ಮ ಕೈಯನ್ನೇ ಅಲ್ವಾ ಕಾಕಾ?"

ಅವರು ಚಹಾದ ಕಪ್ಪನ್ನು ಕೆಳಗಿಟ್ಟರು. "ಬಹಳ ಮಂದಿ ಎದ್ದ ಮ್ಯಾಲೂ ಅದನ್ನ ನೋಡ್ಯಾರವಾ" ಎಂದರು. ಬಹಳ ಮಂದಿ ಎಂದರು. ಎಲ್ಲರೂ ಎನ್ನಲಿಲ್ಲ.

ಅವರ ಇನ್ನೊಂದು ಗುಣ, ಯಾವುದನ್ನೂ ಪೂರ್ತಿಯಾಗಿ ಇಟ್ಟುಕೊಳ್ಳದಿರುವುದು. ನಮ್ಮವರಲ್ಲಿ ಸಗಟು ಅಂಗಡಿಯ ದೊಡ್ಡ ಪೊಟ್ಟಣಗಳನ್ನು ಎರಡು ಮನೆ ಸೇರಿ ಕೊಳ್ಳುವುದು ಹೊಸದಲ್ಲ. ಕಾಕಾ ಕೈಯಲ್ಲಿ ಅದೊಂದು ವ್ರತವಾಗಿತ್ತು. ಕೊತ್ತಂಬರಿ ಕಟ್ಟು ಅರ್ಧ, ಅಕ್ಕಿ ಮೂಟೆ ಅರ್ಧ, ಕಲ್ಲಂಗಡಿ ಅರ್ಧ. ಏಣಿಯನ್ನು ಕೊಯ್ಯಲಾಗದು ಎಂದು ಅರ್ಧ ವರ್ಷ ನಮ್ಮ ಗರಾಜಿನಲ್ಲಿ, ಅರ್ಧ ವರ್ಷ ಅವರ ಗರಾಜಿನಲ್ಲಿ. "ಅರ್ಧ ನಿಮಗ, ಅರ್ಧ ನಮಗ" ಎನ್ನುತ್ತ ಬಾಗಿಲಲ್ಲಿ ನಿಲ್ಲುತ್ತಿದ್ದರು.

"ಕಾಕಾ, ನೆಗಡಿ ಬಂದ್ರೂ ಅರ್ಧ ಕೊಡ್ತೀರಾ?" ಎಂದು ಮಂಜು ಕಾಲೆಳೆದ.

"ಅದನ್ನ ಪೂರ್ತಿ ನಿನಗ ಕೊಡ್ತೀನಿ, ಮಂಜಪ್ಪ."

ನಿವೃತ್ತಿಯಾದ ಮೇಲೂ ಅವರು ಬೂನ್ ಹತ್ತಿರದ ಬೆಟ್ಟದೂರಿನ ಒಂದು ಸಣ್ಣ ಆಸ್ಪತ್ರೆಗೆ ತಿಂಗಳಲ್ಲಿ ಕೆಲವು ದಿನ ಹೋಗಿ ಬರುತ್ತಿದ್ದರು. ಅಲ್ಲಿಗೆ ಅರಿವಳಿಕೆ ವೈದ್ಯರು ಸಿಗುತ್ತಿರಲಿಲ್ಲ. ಚಳಿಗಾಲದಲ್ಲಿ ಆ ದಾರಿ ಹಿಮ, ಮಂಜುಗಡ್ಡೆ. ಹೀಗಾಗಿ ನಮ್ಮ ಬೀದಿಯಲ್ಲಿ ಚಳಿಗಾಲದ ಟೈರು ಇದ್ದವರು ಅವರೊಬ್ಬರೇ. ಏಪೆಕ್ಸಿನಲ್ಲಿ ಹಿಮ ಬೀಳುವ ಸುದ್ದಿ ಬಂದರೇ ಸಾಕು, ಶಾಲೆಗೆ ರಜೆ, ಅಂಗಡಿಯಲ್ಲಿ ಹಾಲು, ಬ್ರೆಡ್ಡು ಖಾಲಿ. ಅಲ್ಲಿ ಚಳಿಗಾಲಕ್ಕೆಂದು ಬೇರೆ ಟೈರು ಕೊಂಡವರನ್ನು ಜನ ಛತ್ರಿ ಹಿಡಿದು ಮನೆಯೊಳಗೆ ಕೂತವರಂತೆ ನೋಡುತ್ತಿದ್ದರು.

ಆ ಟೈರುಗಳನ್ನು ಆರಿಸಲು ಅವರು ಪಟ್ಟ ಪಾಡನ್ನು ನಾನು ಕಣ್ಣಾರೆ ನೋಡಿದ್ದೇನೆ. ಎಲ್ಲಿಂದಲೋ ಹಳೆಯ ಟೈರುಗಳ ತುಂಡುಗಳನ್ನು ಕೊಯ್ಯಿಸಿಕೊಂಡು ಬಂದು ಫ್ರೀಜರಿನಲ್ಲಿ ಕರಿಬೇವಿನ ಡಬ್ಬಿಯ ಪಕ್ಕ ಇಟ್ಟಿದ್ದರು. ಮನೆಗೆ ಬಂದವರ ಕೈಗೆಲ್ಲ ಎರಡೆರಡು ತುಂಡು ಕೊಟ್ಟು ಬಗ್ಗಿಸಿ ನೋಡಿ ಎನ್ನುತ್ತಿದ್ದರು. ಎಲ್ಲ ಕಾಲಕ್ಕೂ ಆಗುತ್ತದೆಂದು ನಮ್ಮ ಕಾರುಗಳಿಗೆ ಹಾಕಿರುವ ಟೈರಿನ ತುಂಡು ಹಪ್ಪಳದಂತೆ ಗಟ್ಟಿಯಾಗಿರುತ್ತಿತ್ತು. ಚಳಿಗಾಲದ್ದು ಮೆತ್ತಗೆ ಬಾಗುತ್ತಿತ್ತು.

"ಚಳಿಗೆ ಕಲ್ಲಾಗೂ ರಬ್ಬರ್ ರಸ್ತೀನ ಹಿಡಿಯೂದಿಲ್ಲ. ಇದರ ಮ್ಯಾಲೆ ಸಣ್ಣ ಸಣ್ಣ ಕಚ್ಚು ನೋಡು, ಬದನಿಕಾಯಿ ಎಣ್ಣಿಗಾಯಿಗೆ ಸೀಳಿದಂಗ. ಅವು ಬಾಯಿ ತೆಗೆದು ಬರ್ಫ್ ಹಿಡೀತಾವ." ಟೈರಿನ ಪಕ್ಕದಲ್ಲಿ ಬೆಟ್ಟದ ಚಿತ್ರ, ಅದರೊಳಗೆ ಹಿಮದ ಹರಳು ಇದ್ದರೆ ಮಾತ್ರ ಅದು ನಿಜವಾದ ಚಳಿಗಾಲದ ಟೈರು ಎಂದು ಶ್ರೇಯಾಳಿಗೆ ಕಲಿಸಿದ್ದರು. ಅವಳು ಪಾರ್ಕಿಂಗ್ ಲಾಟಿನಲ್ಲಿ ಕಂಡಕಂಡ ಕಾರುಗಳ ಪಕ್ಕ ಕೂತು ಬೆಟ್ಟ ಹುಡುಕುತ್ತಿದ್ದಳು.

ಮೊಳೆ ಬಡಿದ ಟೈರು ಇನ್ನೂ ಗಟ್ಟಿ ಹಿಡಿಯುತ್ತದಲ್ಲವೇ ಎಂದು ಮಂಜು ಕೇಳಿದಾಗ ಅವರು ಬೇಡವೆಂದರು. "ಅದು ಕರಕರ ಸಪ್ಪಳ ಮಾಡತೈತಿ. ನನಗ ರಸ್ತೆ ಕೇಳಬೇಕು. ಬೆಟ್ಟದಾಗ ನಾ ಹಾಡು ಹಚ್ಚೂದಿಲ್ಲ, ಮಾತಾಡೂದಿಲ್ಲ. ಟೈರಿನ ಸಪ್ಪಳ ಇರೂತನಕ ಏನೂ ಚಿಂತಿಲ್ಲ. ಅದು ನಿಂತ್ರ..." ಎಂದು ನಿಲ್ಲಿಸಿದರು. ಜೀವಮಾನವಿಡೀ ಯಂತ್ರದ ಬೀಪು ಕೇಳುತ್ತ ಕೂತವರು. ಸದ್ದು ನಿಂತರೆ ಏನು ಎಂಬುದು ಅವರಿಗೆ ಗೊತ್ತಿತ್ತು.

ಕೋವಿಡ್ ಇಳಿದು ಜನ ಮತ್ತೆ ಮನೆಯಿಂದ ಹೊರಗೆ ಬರುವುದನ್ನು ಕಲಿಯುತ್ತಿದ್ದ ಚಳಿಗಾಲ ಅದು. ಸಂಕ್ರಾಂತಿಯ ಆಸುಪಾಸಿನ ಉದ್ದ ವಾರಾಂತ್ಯಕ್ಕೆ ಬ್ಲೂ ರಿಜ್ ಬೆಟ್ಟದಲ್ಲಿ ಒಂದು ಮರದ ಮನೆ ಬಾಡಿಗೆಗೆ ಹಿಡಿದಿದ್ದೆವು, ಅವರೂ ನಾವೂ. ಶ್ರೇಯಾ ಆಗ ಆರನೇ ತರಗತಿ. ಸರಿಯಾದ ಹಿಮವನ್ನು ನೋಡಿಯೇ ಇರಲಿಲ್ಲ. ಹೊರಡುವ ಮುನ್ನಾ ದಿನ ಬೆಟ್ಟದಲ್ಲಿ ಹಿಮ ಬೀಳುವ ಮುನ್ಸೂಚನೆ ಬಂತು. ನಮ್ಮ ಕಾರಿಗೆ ಚಳಿಗಾಲದ ಟೈರು ಇಲ್ಲ. ಅಂಗಡಿಗಳಲ್ಲಿ ನಮ್ಮ ಅಳತೆಯದ್ದು ಸಿಗಲಿಲ್ಲ. ಹೋಗುವುದು ಬೇಡವೆಂದು ಮಂಜು ಹೇಳಿದ. ಶ್ರೇಯಾ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಜೆ ಕಾಕಾ ನಮ್ಮ ಗರಾಜಿನ ಮುಂದೆ ನಿಂತಿದ್ದರು. ಒಂದು ಟೈರನ್ನು ಉರುಳಿಸಿಕೊಂಡು ಬಂದಿದ್ದರು. ಇನ್ನೊಂದು ರಸ್ತೆಯಾಚೆ ಅವರ ಮನೆಯ ಗೋಡೆಗೆ ಒರಗಿತ್ತು.

"ಎರಡು ನಿಮಗ, ಎರಡು ನಮಗ" ಎಂದರು.

ನಮ್ಮ ಬೀದಿಯ ಕನ್ನಡದವರದ್ದೆಲ್ಲ ಒಂದೇ ಮಾದರಿಯ ವ್ಯಾನು. ಮೊದಲು ಕೊಂಡವರು ಕಾಕಾ. ಅವರು ಹೇಳಿದರೆಂದು ಉಳಿದವರೂ ಅದನ್ನೇ ಕೊಂಡಿದ್ದರು. ಹಾಗಾಗಿ ಚಕ್ರಕ್ಕೆ ಕೂಡಿಸಿಯೇ ಇಟ್ಟಿದ್ದ ಅವರ ಟೈರು ನಮ್ಮ ವ್ಯಾನಿಗೂ ಸರಿಯಾಗಿ ಕೂರುತ್ತಿತ್ತು. ಟೈರು ಕೊಂಡಾಗಲೇ ಅಂಗಡಿಯವನು ಹಾಕಿದರೆ ನಾಲ್ಕನ್ನೂ ಹಾಕಬೇಕು, ಎರಡೇ ಹಾಕಿ ಎಂದರೆ ನಾವು ಕೈ ಹಚ್ಚುವುದಿಲ್ಲ ಎಂದಿದ್ದನಂತೆ. ಅದನ್ನು ನೆನಪಿಸಿದವರು ಕಾಕೂ. ಸ್ವೆಟರಿನ ಮೇಲೆ ಶಾಲು ಹೊದ್ದು ರಸ್ತೆ ದಾಟಿ ಬಂದಿದ್ದರು.

"ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಚಪ್ಪಲಿ ಹಾಕ್ಕೊಂಡು ಯಾರರ ನಡೀತಾರೇನ್ರಿ?"

"ವ್ಯಾನಿನ ಇಂಜಿನ್ ಎಳಿಯೂದು ಮುಂದಿನ ಗಾಲಿನ. ತಿರುಗೂದು ಮುಂದಿನವು. ಬ್ರೇಕಿನ ಭಾರ ಮುಂದಿನವುಕ್ಕ. ಹಿಂದಿನವು ಏನ ಮಾಡ್ತಾವ? ಬರೀ ಹಿಂದ ಬರ್ತಾವ" ಎಂದರು ಕಾಕಾ.

ಕೇಳಲು ಸರಿಯಾಗಿಯೇ ಇತ್ತು. ಓದಿದವರು, ಆ ದಾರಿಯಲ್ಲಿ ಎಷ್ಟೋ ಚಳಿಗಾಲ ಓಡಾಡಿದವರು. ಆದರೆ ಆ ಚಳಿಗಾಲಗಳಲ್ಲೆಲ್ಲ ಅವರ ವ್ಯಾನಿಗೆ ನಾಲ್ಕೂ ಇದ್ದವು ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಮಂಜು ಜಾಕ್ ತಂದ. ಕತ್ತಲಾಗುವುದರೊಳಗೆ ಎರಡು ವ್ಯಾನುಗಳ ಮುಂದಿನ ಚಕ್ರಗಳೂ ಹೊಸ ಬೂಟು ತೊಟ್ಟಿದ್ದವು.

ಬೆಟ್ಟ ಹತ್ತುವಾಗ ಏನೂ ಆಗಲಿಲ್ಲ. ಮುಂದಿನ ಚಕ್ರ ಎಳೆಯಿತು, ವ್ಯಾನು ಹತ್ತಿತು. ಮಂಜು ಎರಡು ಸಲ ಹೊಗಳಿದ. ಮೂರು ದಿನ ಹಿಮದಲ್ಲಿ ಆಡಿದೆವು. ಕಾಕೂ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದರು. ಕಿಟಕಿಯ ಹೊರಗೆ ರೋಡೊಡೆಂಡ್ರಾನ್ ಪೊದೆಗಳಿದ್ದವು. ತೀರಾ ಚಳಿ ಬಿದ್ದಾಗ ಅದರ ಎಲೆಗಳು ಉದ್ದಕ್ಕೆ ಸುರುಳಿ ಸುತ್ತಿಕೊಂಡು ಜೋತುಬೀಳುತ್ತವೆ. ವಾಪಸು ಹೊರಡುವ ಬೆಳಿಗ್ಗೆ ಕಾಕಾ ಅವನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದರು. ಎಲೆಗಳೆಲ್ಲ ಬೀಡಿಯಷ್ಟು ಸಪೂರ ಆಗಿದ್ದವು. ಗಾಳಿಯಿರಲಿಲ್ಲ. ಒಂದು ಹಕ್ಕಿಯ ದನಿಯೂ ಇರಲಿಲ್ಲ.

"ಇವತ್ತು ಸಾವಕಾಶ ಹೋಗೂಣು. ನಾ ಮುಂದ ಇರ್ತೀನಿ" ಎಂದರು. ಕಾಕೂ ಹೆಣೆದ ಬೂದು ಬಣ್ಣದ ಉಣ್ಣೆಯ ಗ್ಲೌಸು ಹಾಕಿಕೊಂಡರು. ಬೆರಳ ತುದಿ ಕತ್ತರಿಸಿದಂಥವು. ಶ್ರೇಯಾ ಅವರ ವ್ಯಾನಿಗೇ ಹತ್ತಿದಳು. ಶೇಂಗಾ ಉಂಡೆಯ ಡಬ್ಬಿ ಅದರಲ್ಲಿತ್ತು. ಅವಳ ಕೈ ತಣ್ಣಗಿದೆ ಎಂದು ನನ್ನ ಗ್ಲೌಸನ್ನು ಅವಳಿಗೆ ಕೊಟ್ಟು ಕಳಿಸಿದೆ.

ಇನ್ನು ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಗೊತ್ತಿಲ್ಲ. ಪಾತ್ರೆ ತೊಳೆಯುವಾಗ ನೋಡುತ್ತೇನೆ, ಮೀಟಿಂಗಿನಲ್ಲಿ ಯಾರೋ ಮಾತಾಡುತ್ತಿರುವಾಗ ನೋಡುತ್ತೇನೆ. ಪ್ರತಿ ಸಲವೂ ಅದು ಅಷ್ಟೇ ನಿಧಾನವಾಗಿ ನಡೆಯುತ್ತದೆ.

ರಸ್ತೆಯಲ್ಲಿ ಹಿಮ ಇರಲಿಲ್ಲ, ತೆಗೆದಿದ್ದರು. ಟಾರು ಕಪ್ಪಗೆ, ಒದ್ದೆಯಾದಂತೆ ಕಾಣುತ್ತಿತ್ತು. ಎಡಕ್ಕೆ ಕೊರೆದ ಬಂಡೆ, ಅದರ ತುಂಬ ನೀರು ಹೆಪ್ಪುಗಟ್ಟಿದ ಕೋಲುಗಳು. ಬಲಕ್ಕೆ ತಗ್ಗಾದ ಕಬ್ಬಿಣದ ತಡೆ, ಅದರಾಚೆ ಮೋಡ ತುಂಬಿಕೊಂಡ ಬಿಳಿ ಖಾಲಿ. ಕಾಕಾರ ವ್ಯಾನು ನಮ್ಮಿಂದ ಒಂದು ತಿರುವಿನಷ್ಟು ಮುಂದೆ ಇಳಿಯುತ್ತಿತ್ತು. ಮಂಜು ಡ್ರೈವ್ ಮಾಡುತ್ತಿದ್ದ. ನಾನು ಪಕ್ಕದಲ್ಲಿ.

ಬಂಡೆಯ ನೆರಳು ಬಿದ್ದಿದ್ದ ಒಂದು ತಿರುವಿನಲ್ಲಿ ಸದ್ದು ನಿಂತಿತು.

ಅಲ್ಲಿಯವರೆಗೆ ಟೈರಿನ ಸದ್ದು ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಿಂತ ಮೇಲೆ ಗೊತ್ತಾಯಿತು. ವ್ಯಾನು ಚಲಿಸುತ್ತಿತ್ತು, ಮರಗಳು ಹಿಂದೆ ಹೋಗುತ್ತಿದ್ದವು, ಆದರೆ ಕಿವಿಗೆ ಹತ್ತಿ ತುರುಕಿದಂತಿತ್ತು. ಮುಂದೆ ಕಾಕಾರ ವ್ಯಾನಿನ ಹಿಂಭಾಗ ನಿಧಾನವಾಗಿ ಬಲಕ್ಕೆ ಸರಿಯಿತು. ಯಾರೋ ಬಾಗಿಲು ತೆರೆಯುವ ಹಾಗೆ ಅವರ ವ್ಯಾನಿನ ಪಕ್ಕ ನಮಗೆ ಕಂಡಿತು, ಆಮೇಲೆ ಅದರ ಮುಖ. ಅದು ಪೂರ್ತಿ ತಿರುಗಿ ನಮ್ಮನ್ನು ನೋಡುತ್ತ ಹಿಮ್ಮುಖವಾಗಿ ಇಳಿಯುತ್ತಿತ್ತು. ಎರಡು ವ್ಯಾನಿಗೂ ಒಂದೇ ವೇಗ. ಹೀಗಾಗಿ ಅದು ನಿಂತೇ ಇದೆ, ನಾವೂ ನಿಂತೇ ಇದ್ದೇವೆ, ಬೆಟ್ಟ ಮಾತ್ರ ಮೇಲಕ್ಕೆ ಹೋಗುತ್ತಿದೆ ಎನ್ನಿಸಿತು. ಗಾಜಿನ ಹಿಂದೆ ಅವರ ಮುಖ. ಪಕ್ಕದಲ್ಲಿ ಕಾಕೂ ಕಣ್ಣು ಮುಚ್ಚಿದ್ದರು. ಅವರಿಬ್ಬರ ನಡುವೆ, ಹಿಂದಿನ ಸೀಟಿನಲ್ಲಿ, ನನ್ನ ಮಗಳು. ಅವಳು ನನ್ನನ್ನೇ ನೋಡುತ್ತಿದ್ದಳು. ಕೂಗಲಿಲ್ಲ. ಫೋಟೋ ತೆಗೆಸಿಕೊಳ್ಳಲು ಕೂತವರ ಹಾಗೆ ಮೂವರೂ ಅಲುಗಾಡದೆ ಕೂತಿದ್ದರು, ಅವರ ಬೆನ್ನ ಹಿಂದೆ ಆ ಬಿಳಿ ಖಾಲಿ ಹತ್ತಿರವಾಗುತ್ತಿತ್ತು.

ಮಂಜುವಿನ ಕಾಲು ಬ್ರೇಕಿನ ಮೇಲೆ ಹೋಯಿತು. ನಮ್ಮ ವ್ಯಾನಿನ ಹಿಂಭಾಗ ಒಮ್ಮೆ ಮಿಸುಕಿತು.

ಆಗ ಕಾಕಾ ಕೈ ಎತ್ತಿದರು. ಬೂದು ಗ್ಲೌಸಿನ ಬಲಗೈ, ಅಂಗೈ ಕೆಳಗೆ. ಗಾಳಿಯನ್ನು ಒಮ್ಮೆ ಒತ್ತಿದರು.

ಮಂಜು ಬ್ರೇಕು ಬಿಟ್ಟ. ನಮ್ಮ ವ್ಯಾನು ನೆಟ್ಟಗಾಯಿತು. ಅವರ ವ್ಯಾನು ತಡೆಗೆ ಒರಸಿತು, ಕಿರ್ರೆಂದು ಸದ್ದು ಬಂತು. ಸದ್ಯ, ಸದ್ದು ಬಂತು ಎಂದುಕೊಂಡದ್ದು ನೆನಪಿದೆ. ಅಲ್ಲಿಂದ ಅದು ಪುಟಿದು ರಸ್ತೆ ದಾಟಿ ಬಂಡೆಯ ಬುಡದ ಚರಂಡಿಯಲ್ಲಿ ಹಿಂಬದಿ ಊರಿ ಕೂತಿತು. ಮೇಲಿನಿಂದ ಮಂಜುಗಡ್ಡೆಯ ಕೋಲುಗಳು ಒಂದೊಂದಾಗಿ ಅದರ ತಲೆಯ ಮೇಲೆ ಮುರಿದು ಬಿದ್ದವು.

ಯಾರಿಗೂ ಗಾಯವಾಗಲಿಲ್ಲ. ಶ್ರೇಯಾಳನ್ನು ಹೊರಗೆ ಎಳೆದುಕೊಂಡಾಗ ಅವಳ ಕೈಯಲ್ಲಿ ಅರ್ಧ ತಿಂದ ಶೇಂಗಾ ಉಂಡೆ ಇತ್ತು. "ಇಟ್ ವಾಸ್ ಸೋ ಕ್ವಯಟ್, ಅಮ್ಮ" ಎಂದಳು, ಅಷ್ಟೇ. ಕಾಕಾ ಇಳಿದು ಬಂಡೆ ಹಿಡಿದುಕೊಂಡು ಸಣ್ಣ ಹೆಜ್ಜೆಯಲ್ಲಿ ವ್ಯಾನಿನ ಹಿಂದಕ್ಕೆ ಹೋದರು. ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಅದು ಕಲ್ಲಾಗಿತ್ತು.

"ಮುಂದಿನವು ಹಿಡದು ನಿಂತ್ವು. ಹಿಂದಿನವುಕ್ಕ ಹಿಡಿಯಾಕ ಏನೂ ಇರಲಿಲ್ಲ. ಅದಕ್ಕ ಅವು ಮುಂದ ಬಂದ್ವು" ಎಂದರು. ಟೈರಿನಿಂದ ಕೈ ತೆಗೆದು, "ಇದನ್ನ ನಾ ಹಂಚಿದೆ" ಎಂದರು. ಆಮೇಲೆ ಚರಂಡಿಯ ಅಂಚಿನಲ್ಲಿ ಕೂತುಬಿಟ್ಟರು. ಎಷ್ಟು ಹೇಳಿದರೂ ಏಳಲಿಲ್ಲ. ವ್ಯಾನನ್ನು ಎಳೆಯಲು ಬಂದ ಟ್ರಕ್ಕಿನವನು ಅವರನ್ನು ಎತ್ತಿ ತನ್ನ ಟ್ರಕ್ಕಿನಲ್ಲಿ ಕೂರಿಸಬೇಕಾಯಿತು.

ಎಷ್ಟೋ ದಿನಗಳಾದ ಮೇಲೆ ಅವರ ಅಡುಗೆಮನೆಯಲ್ಲಿ ನಾನು ಹೇಳಿದೆ, "ಅವತ್ತು ನೀವು ಕೈ ತೋರಿಸದೇ ಇದ್ದಿದ್ರೆ ನಾವೂ ಹೋಗಿಬಿಡ್ತಿದ್ವಿ ಕಾಕಾ."

"ಯಾವ ಕೈ?"

ನಾನು ಮಾಡಿ ತೋರಿಸಿದೆ.

ಅವರು ಕಾಕೂ ಕಡೆ ನೋಡಿದರು, ಆಮೇಲೆ ನನ್ನ ಕಡೆ. "ನಾ ಕೈ ಎತ್ತಲಿಲ್ಲವಾ. ಎರಡೂ ಕೈ ಸ್ಟೇರಿಂಗ್ ಮ್ಯಾಲ ಇದ್ದೂ. ಬಿಡಿಸ್ಕೊಳ್ಳಾಕ ಬರಲಾರದಂಗ ಹಿಡದಿದ್ದೆ."

ಕಾಕೂ ಕಣ್ಣು ಮುಚ್ಚಿದ್ದರು, ಅವರಿಗೆ ಗೊತ್ತಿಲ್ಲ. ಮನೆಗೆ ಬಂದು ಶ್ರೇಯಾಳನ್ನು ಕೇಳಿದೆ. ಅವಳು ಯೋಚಿಸಲೂ ಇಲ್ಲ. "ನೋ ಅಮ್ಮ. ಬೋತ್ ಹ್ಯಾಂಡ್ಸ್ ವೀಲ್ ಮೇಲೆ ಇತ್ತು. ನಾನು ಹ್ಯಾಂಡ್ಸೇ ನೋಡ್ತಾ ಇದ್ದೆ, ನಿನ್ನ ನೋಡಿದ್ದು ಆಮೇಲೆ." ಮಂಜುವನ್ನು ಕೇಳಲಿಲ್ಲ. ಯಾಕೋ ಕೇಳಲು ಧೈರ್ಯ ಬರಲಿಲ್ಲ.

ಆ ಚಳಿಗಾಲದ ನಂತರ ಕಾಕಾ ಬದಲಾದರು. ಬೆಟ್ಟದ ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಿದರು. ಒಂದು ದಿನ ಕೊತ್ತಂಬರಿ ತಂದು ಬಾಗಿಲಲ್ಲಿ ನಿಂತಾಗ ಕಟ್ಟು ಪೂರ್ತಿ ಇತ್ತು. ಅರ್ಧ ಮುರಿಯಲು ಹೋದೆ. ಕೈ ತಡೆದರು. "ಇನ್ನ ಮ್ಯಾಲೆ ಅರ್ಧ ಇಲ್ಲವಾ. ಕೊಟ್ರ ಪೂರ್ತಿ, ಇಲ್ಲಾಂದ್ರ ಇಲ್ಲ." ಕಲ್ಲಂಗಡಿ ಇಡಿಯಾಗಿ ಬಂತು. ಏಣಿ ನಮ್ಮಲ್ಲೇ ಉಳಿಯಿತು. ಮಗಳ ಮನೆಗೆಂದು ಕ್ಲಾರ್ಕ್ಸ್‌ಬರ್ಗ್‌ಗೆ ಹೊರಡುವ ವಾರ ಉಳಿದೆರಡು ಟೈರುಗಳನ್ನೂ ಒಂದೊಂದಾಗಿ ರಸ್ತೆ ದಾಟಿಸಿ ಉರುಳಿಸಿಕೊಂಡು ಬಂದು ನಮ್ಮ ಗರಾಜಿನಲ್ಲಿ ನಾಲ್ಕನ್ನೂ ಒಂದರ ಮೇಲೊಂದು ಇಟ್ಟರು. "ಇವನ್ನ ಬ್ಯಾರೆ ಬ್ಯಾರೆ ಮಾಡಬ್ಯಾಡ್ರಿ" ಎಂದರು. ಪ್ರತಿ ಆಯುಧಪೂಜೆಗೆ ಮಂಜು ಅವಕ್ಕೂ ಕುಂಕುಮ ಹಚ್ಚುತ್ತಾನೆ.

ಈ ಚಳಿಗಾಲದಲ್ಲಿ ಏಪೆಕ್ಸಿನಲ್ಲೂ ಒಂದು ಬೆಳಿಗ್ಗೆ ಮಂಜುಗಡ್ಡೆಯ ಮಳೆ ಬಿತ್ತು. ಶಾಲೆಗೆ ರಜೆ. ಶ್ರೇಯಾ ಈಗ ಕಲಿಯುವವರ ಲೈಸೆನ್ಸ್ ಹಿಡಿದಿದ್ದಾಳೆ. ಜಾರುವ ರಸ್ತೆಯಲ್ಲಿ ಕಲಿತರೇ ಕಲಿತಂತೆ ಎಂದು ಹಠ ಹಿಡಿದಳು. ಮಂಜು ಗರಾಜಿಗೆ ಹೋಗಿ ನಾಲ್ಕೂ ಟೈರುಗಳನ್ನು ವ್ಯಾನಿಗೆ ಹಾಕಿದ. ಮನೆಯ ಹತ್ತಿರದ ಚರ್ಚಿನ ಖಾಲಿ ಪಾರ್ಕಿಂಗ್ ಲಾಟಿಗೆ ಹೋದೆವು. ಅವಳು ಸ್ಟೇರಿಂಗಿನಲ್ಲಿ, ನಾನು ಪಕ್ಕದಲ್ಲಿ, ಅವನು ಹಿಂದೆ. ಚರಚರ ಎಂದು ಟೈರಿನ ಸದ್ದು ಬರುತ್ತಿತ್ತು. ಹಾಡು ಹಾಕಿರಲಿಲ್ಲ, ಯಾರೂ ಮಾತಾಡುತ್ತಿರಲಿಲ್ಲ.

ಕಟ್ಟಡದ ನೆರಳು ಬಿದ್ದ ಮೂಲೆಯಲ್ಲಿ ಸದ್ದು ನಿಂತಿತು.

"ಅಮ್ಮ" ಎಂದಳು ಶ್ರೇಯಾ. ಅವಳ ಕಾಲು ಬ್ರೇಕಿನ ಕಡೆ ಹೋಗುವುದು ಕಂಡಿತು. ಮರುಕ್ಷಣ ಅವಳು ಕಾಲನ್ನು ಹಿಂದಕ್ಕೆಳೆದುಕೊಂಡಳು. ವ್ಯಾನು ನೆಟ್ಟಗೆ ತೇಲಿ, ನೆರಳು ದಾಟಿ, ಮತ್ತೆ ಚರಚರ ಎಂದಿತು.

"ಕಾಕಾ ಥರಾನೇ ಮಾಡ್ತೀಯ ನೀನು" ಎಂದಳು.

ನೋಡಿಕೊಂಡೆ. ನನ್ನ ಬಲಗೈ ಅವಳ ಮುಂದೆ, ಅಂಗೈ ಕೆಳಗೆ ಮಾಡಿಕೊಂಡು, ಗಾಳಿಯನ್ನು ಒಮ್ಮೆ ಒತ್ತಿ ನಿಂತಿತ್ತು.

ಹಿಂದಿನಿಂದ ಮಂಜು ಹೇಳಿದ, "ಅವತ್ತು ಬೆಟ್ಟದಲ್ಲೂ ಹೀಗೇ ಮಾಡಿದ್ದೆ. ಅದು ನೋಡೇ ನಾನು ಬ್ರೇಕ್ ಬಿಟ್ಟಿದ್ದು."

"ನಾನಾ? ಕಾಕಾ ಅಲ್ವಾ?"

"ಅವರ ಕಡೆ ನಾನೆಲ್ಲಿ ನೋಡಿದೆ? ನಿನ್ನ ಕೈ ಅಡ್ಡ ಬಂತು."

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನಿನಗೆ ಗೊತ್ತಿಲ್ಲ ಅಂತ ನನಗೇನು ಗೊತ್ತು?" ಎಂದ. ಆಮೇಲೆ, "ಬೂದು ಗ್ಲೌಸ್ ಹಾಕಿದ್ಯಲ್ಲ, ಬೆರಳು ಕತ್ತರಿಸಿದ್ದು" ಎಂದ.

ಅವತ್ತು ನನ್ನ ಗ್ಲೌಸು ಶ್ರೇಯಾಳ ಕೈಯಲ್ಲಿತ್ತು. ಅದು ಕೆಂಪು. ನನ್ನ ಕೈ ಬರಿಗೈ.

ಅದನ್ನು ನಾನು ಅವರಿಗೆ ಹೇಳಲಿಲ್ಲ. ಶ್ರೇಯಾ ಇನ್ನೊಂದು ಸುತ್ತು ಹಾಕಲೆಂದು ವ್ಯಾನನ್ನು ತಿರುಗಿಸುತ್ತಿದ್ದಳು. ಮುಂದೆ ಕಟ್ಟಡದ ನೆರಳು ಮತ್ತೆ ಬರುವುದಿತ್ತು. ಕೈಯನ್ನು ಮಡಿಲಿಗೆ ಇಳಿಸಿಕೊಳ್ಳಲು ಹೋದೆ. ಅದು ತಡೆದು ನಿಂತು, ಎರಡನೆಯ ಸಲ ಒತ್ತಿತು.